ಅಂತಃಪುರದಿಂದ ಕಂಡ ಆರ್ಥರ್
(ಬಾನುಲಿ ಭಾಷಣ)

ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿರುವ ಗ್ಲಾಸ್ಟನ್‌ಬರಿ ಎಂಬ ಊರಿನ ಪುರಾತನ ಕ್ರೈಸ್ತಮಠ 1184ರಲ್ಲಿ ಬೆಂಕಿಗೆ ಆಹುತಿಯಾಯಿತು. ಏಳೆಂಟು ವರ್ಷಗಳ ತರುವಾಯ, 1191ರ ಸುಮಾರಿಗೆ, ಅಲ್ಲಿಯ ಸನ್ಯಾಸಿಗಳು ಮಠದ ಸ್ಮಶಾನವನ್ನು ಆಳವಾಗಿ ಅಗೆಸಿ, ತಮಗೆ ಆರ್ಥರ್ ಮಹಾರಾಜನ ಸಮಾಧಿ ದೊರಕಿತೆಂದು ಲೋಕಕ್ಕೆ ಸಾರಿದರು. ಮಠವನ್ನು ಮರಳಿ ಕಟ್ಟಲು ಹಣ ಬೇಕಾಗಿದ್ದ ಕಾಲದಲ್ಲಿ ಇಂಥ ಸಮಾಧಿ ದೊರಕಿದ್ದು ಆಕಸ್ಮಿಕವೇ ಎಂದು ಇತಿಹಾಸಕಾರರು ಸಂಶಯಪಟ್ಟಿದ್ದಾರೆ. ಆ ಸಂಶಯ ನ್ಯಾಯವಾದದ್ದೇ. ನಮಗೆ ಈಗ ಬೇಕಾದದ್ದು ಸಮಾಧಿಯ ಸತ್ಯಾಸತ್ಯತೆಯಲ್ಲ, ಅದರ ವರ್ಣನೆ. ಆ ಕಾಲದವನೇ ಆದ ವೇಲ್ಸಿನ ಜೆರಾಲ್ಡ್ ಬರೆದಿರುವಂತೆ, ಟೊಳ್ಳು ಮಾಡಿದ ಓಕ್ ಮರದ ಬೊಡ್ಡೆಯೊಳಗೆ ಇಬ್ಬರ ಎಲುಬುಗಳಿದ್ದುವು. ದೊಡ್ಡ ಭಾಗ ರಾಜನದು, ಕಾಲ ಬಳಿಯ ಚಿಕ್ಕ ಭಾಗ ರಾಣಿಯದು. ಅಲ್ಲೊಂದು ಹೊನ್ನಿನ ಬಣ್ಣದ ಜಡೆ ಮಾಸದೆ ಉಳಿದಿತ್ತು. ಒಬ್ಬ ಸನ್ಯಾಸಿ ಆಸೆಯಿಂದ ಕೈಹಾಕಿ ಅದನ್ನು ಎತ್ತಿಕೊಂಡ. ಎತ್ತಿದೊಡನೆ ಪುಡಿಪುಡಿಯಾಗಿ ಹೋಯಿತು.

ಸಮಾಧಿಯಲ್ಲಿ ಒಂದು ಸೀಸದ ಶಿಲುಬೆ ಸಿಕ್ಕಿತೆಂದೂ ಅದರ ಮೇಲೆ ಆರ್ಥರನ ಹೆಸರಿನೊಡನೆ ರಾಣಿ ಗ್ವಿನಿವೇರಳ ಹೆಸರೂ ಇತ್ತೆಂದೂ ಜೆರಾಲ್ಡ್ ಹೇಳುತ್ತಾನೆ. ನಾಲ್ಕು ಶತಮಾನಗಳ ಅನಂತರ, 1607ರಲ್ಲಿ, ವಿಲಿಯಂ ಕ್ಯಾಮ್ಡನ್ ಎಂಬ ವಿದ್ವಾಂಸ ಆ ಶಿಲುಬೆಯ ಚಿತ್ರವನ್ನು ಅಚ್ಚುಹಾಕಿಸಿದ. ಅದರಲ್ಲಿ ರಾಜನ ಹೆಸರಿದೆ, ಆವಲಾನ್ ದ್ವೀಪದ ಹೆಸರಿದೆ, ರಾಣಿಯ ಹೆಸರಿಲ್ಲ.

ಆರ್ಥರನ ಕಥಾಚಕ್ರದ ಸ್ತ್ರೀಯರಿಗೆ ಆದದ್ದು ಹೆಚ್ಚುಕಡಮೆ ಇದೇ. ಇವರಿಲ್ಲದೆ ಕಥೆ ಒಂದು ಹೆಜ್ಜೆಯೂ ಮುಂದೆ ಸಾಗದು. ಆದರೆ ಹಿಡಿಯಹೋದರೆ ಕೈಗೆ ಸಿಕ್ಕುವುದಿಲ್ಲ. ಕಳೆದ ಶತಮಾನದ ಎಂಬತ್ತರ ದಶಕದಿಂದೀಚೆಗೆ ಇಂಗ್ಲಿಷಿನಲ್ಲಿ ಈ ಮಧ್ಯಯುಗದ ಐತಿಹ್ಯವನ್ನು ಸ್ತ್ರೀಯರ ಬಾಯಿಂದಲೇ ಹೇಳಿಸುವ ಕಾದಂಬರಿಗಳ ಒಂದು ಪರಂಪರೆಯೇ ಬೆಳೆದಿದೆ. ಆ ಕಾದಂಬರಿಗಳು ಮೂಲದಲ್ಲಿ ಇಲ್ಲದ್ದನ್ನು ತಂದು ತುರುಕಿದುವೆ, ಇದ್ದುದನ್ನು ಹೊರತೆಗೆದುವೆ, ಒಬ್ಬಳಿಗೆ ನ್ಯಾಯ ಒದಗಿಸಹೋಗಿ ಇನ್ನೊಬ್ಬಳಿಗೆ ಏನು ಮಾಡಿದುವು ಎಂಬುದನ್ನು ಇಂದು ವಿಚಾರಿಸಬಯಸುತ್ತೇನೆ.

ಕಥೆಯ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಊಥರ್ ಎಂಬ ಬ್ರಿಟನ್ನಿನ ದೊರೆ ಕಾರ್ನ್‌ವಾಲಿನ ಅಧಿಪತಿಯ ಹೆಂಡತಿ ಇಗ್ರೇನಳನ್ನು ಮೋಹಿಸುತ್ತಾನೆ. ಮಾಂತ್ರಿಕ ಮರ್ಲಿನ್ ಊಥರನಿಗೆ ಆಕೆಯ ಗಂಡನ ರೂಪವನ್ನೇ ಕೊಡುತ್ತಾನೆ. ಟಿಂಟಾಜೆಲ್ ಎಂಬ ಕಡಲಕೋಟೆಯಲ್ಲಿ ಆ ರಾತ್ರಿ ಆರ್ಥರ್ ಗರ್ಭಸ್ಥನಾಗುತ್ತಾನೆ. ಗೌತಮನ ವೇಷದಲ್ಲಿ ಬಂದ ಇಂದ್ರನ ಕಥೆ ಬಲ್ಲ ನಮಗೆ ಇದು ಹೊಸತಲ್ಲ. ಮುಂದೆ ಆರ್ಥರ್ ದೊರೆಯಾಗುತ್ತಾನೆ, ದುಂಡುಮೇಜಿನ ಸುತ್ತ ವೀರರನ್ನು ಕೂಡಿಸುತ್ತಾನೆ, ಗ್ವಿನಿವೇರಳನ್ನು ಮದುವೆಯಾಗುತ್ತಾನೆ. ಅವಳಿಗೂ ವೀರಾಗ್ರಣಿ ಲಾನ್ಸೆಲಾಟನಿಗೂ ಪ್ರೇಮ ಬೆಳೆಯುತ್ತದೆ. ತಾನರಿಯದೆ ಅಕ್ಕನಲ್ಲಿಯೇ ಪಡೆದ ಮಗ ಮಾರ್ಡ್ರೆಡನ ಕೈಯಲ್ಲಿ ಆರ್ಥರ್ ಮಾರಕವಾಗಿ ಗಾಯಗೊಳ್ಳುತ್ತಾನೆ. ರಾಣಿಯರಿದ್ದ ಒಂದು ದೋಣಿ ಬಂದು ಅವನನ್ನು ಆವಲಾನಿಗೆ ಕರೆದೊಯ್ಯುತ್ತದೆ. ಈ ಕಥೆಗಳನ್ನೆಲ್ಲ ಇಂಗ್ಲಿಷಿನಲ್ಲಿ ಒಂದುಗೂಡಿಸಿದವನು ಸರ್ ಥಾಮಸ್ ಮ್ಯಾಲರಿ. ಅವನು ಗ್ರಂಥ ಮುಗಿಸಿದ್ದು 1470ರ ಹೊತ್ತಿಗೆ, ಸೆರೆಮನೆಯಲ್ಲಿದ್ದುಕೊಂಡು. ಕ್ಯಾಕ್ಸ್ಟನ್ ಅದನ್ನು ಮುದ್ರಿಸಿದ್ದು 1485ರಲ್ಲಿ.

ಈ ಕಥೆಯಲ್ಲಿ ಅತ್ಯಂತ ಕುತೂಹಲಕಾರಿಯಾದ ಪಾತ್ರ ಮಾರ್ಗನ್ ಲ ಫೇ. ಆಕೆ ಆರ್ಥರನ ಮಲಸೋದರಿ. ಮ್ಯಾಲರಿಯನ್ನು ಮಾತ್ರ ಓದಿದವರಿಗೆ ಆಕೆ ಒಬ್ಬ ಮಾಟಗಾತಿ. ತಮ್ಮನ ಕತ್ತಿ ಎಕ್ಸ್‌ಕ್ಯಾಲಿಬರನ್ನು ಕದ್ದು ತನ್ನ ಪ್ರಿಯ ಅಕೊಲನನ ಕೈಗೆ ಕೊಡುತ್ತಾಳೆ. ಗಾಯದಿಂದ ರಕ್ತ ಸೋರದಂತೆ ಕಾಪಾಡುವ ಕತ್ತಿಯ ಒರೆಯನ್ನು ಕೆರೆಗೆ ಎಸೆಯುತ್ತಾಳೆ. ಮಲಗಿದ್ದ ಗಂಡನನ್ನು ಕೊಲ್ಲಹೋಗುತ್ತಾಳೆ. ತೊಟ್ಟವರನ್ನು ಸುಟ್ಟು ಕರಿಕುಮಾಡುವ ನಿಲುವಂಗಿಯನ್ನು ಆರ್ಥರನಿಗೆ ಉಡುಗೊರೆಯಾಗಿ ಕಳುಹಿಸುತ್ತಾಳೆ. ಆದರೆ ಮ್ಯಾಲರಿಗಿಂತ ಮುನ್ನೂರು ವರ್ಷ ಹಿಂದಕ್ಕೆ ಹೋಗಿ ನೋಡಿ. ಮನ್ಮತ್ತಿನ ಜೆಫ್ರಿ 1150ರ ಸುಮಾರಿಗೆ ಲ್ಯಾಟಿನಿನಲ್ಲಿ ರಚಿಸಿದ ಮರ್ಲಿನನ ಚರಿತೆಯಲ್ಲಿ ಆಕೆ ಸೇಬಿನ ದ್ವೀಪದ ಒಂಬತ್ತು ಮಂದಿ ಸೋದರಿಯರಲ್ಲಿ ಮೊದಲನೆಯವಳು. ಬೇರು ನಾರುಗಳ ಗುಣ ಬಲ್ಲ ವೈದ್ಯೆ. ತನ್ನ ಸೋದರಿಯರಿಗೆ ಗಣಿತವಿದ್ಯೆ ಕಲಿಸಿದವಳು! ಗಾಯಗೊಂಡ ಆರ್ಥರನನ್ನು ಹೊನ್ನಿನ ಮಂಚದ ಮೇಲೆ ಮಲಗಿಸಿ, ಗಾಯವನ್ನು ಪರೀಕ್ಷಿಸಿ, ಬಹುಕಾಲ ಇಲ್ಲಿಯೇ ಉಳಿದರೆ ಗುಣಪಡಿಸಬಲ್ಲೆನೆಂದು ಹೇಳುತ್ತಾಳೆ. ಅಲ್ಲಿ ಮಾಟವಿಲ್ಲ, ಮತ್ಸರವಿಲ್ಲ.

ವೈದ್ಯೆ ಮಾಟಗಾತಿಯಾದದ್ದು ಹೇಗೆ? ಹನ್ನೆರಡನೆಯ ಶತಮಾನದ ಫ್ರೆಂಚ್ ಕವಿ ಕ್ರೆತ್ಯಾಂ ದ ತ್ರುವಾ ಅವಳನ್ನು ಆರ್ಥರನ ಸೋದರಿಯೆಂದು ಕರೆದ; ಅವನಲ್ಲಿಯೂ ಅವಳು ಮುಲಾಮು ಅರೆದು ಗಾಯ ಮಾಯಿಸುವವಳೇ. ಸುಮಾರು 1215ರಿಂದ 1235ರೊಳಗೆ ಫ್ರೆಂಚಿನಲ್ಲಿ ಬೃಹತ್ ಗದ್ಯಕಥಾಚಕ್ರವೊಂದು ಸಿದ್ಧವಾಯಿತು. ಅದರಲ್ಲಿ ಧಾರ್ಮಿಕ ದೃಷ್ಟಿ ಬಲವಾಗಿದೆ. ಅದರ ಹೊತ್ತಿಗೆ ಮಾರ್ಗನಳ ವಿದ್ಯೆ ಕ್ಷುದ್ರವಿದ್ಯೆಯಾಗಿ, ಆಕೆಯ ಸ್ವಾತಂತ್ರ್ಯ ಕಾಮುಕತೆಯಾಗಿ ಮಾರ್ಪಟ್ಟಿತ್ತು. ಮ್ಯಾಲರಿ ಇನ್ನೊಂದು ವಿಚಿತ್ರವಾದ ಮಾತನ್ನು ಸೇರಿಸುತ್ತಾನೆ: ಆಕೆ ಕ್ಷುದ್ರವಿದ್ಯೆಯಲ್ಲಿ ಪಾರಂಗತೆಯಾದದ್ದು ಸನ್ಯಾಸಿನಿಯರ ಮಠದಲ್ಲಿ ಓದುತ್ತಿದ್ದಾಗ! ಮಠಕ್ಕೆ ಹೋಗಿ ಅಕ್ಷರ ಕಲಿತ ಹೆಣ್ಣಿನ ಬಗ್ಗೆ ಆ ಕಾಲಕ್ಕಿದ್ದ ಅಂಜಿಕೆ ಈ ಒಂದು ಮಾತಿನಲ್ಲಿ ಸಿಕ್ಕಿಬಿದ್ದಿದೆ ಎನ್ನಬೇಕು.

ಇಷ್ಟೆಲ್ಲ ಆದಮೇಲೂ ಹಳೆಯ ಕಥೆ ತನ್ನ ಮೊದಲ ನೆನಪನ್ನು ಪೂರ್ತಿ ಬಿಡಲಾರದೆ ಹೋಯಿತು. ಮ್ಯಾಲರಿಯ ಗ್ರಂಥದ ಕೊನೆಯಲ್ಲಿ ಆರ್ಥರನನ್ನು ಕರೆದೊಯ್ಯುವ ದೋಣಿಯಲ್ಲಿ ಕಪ್ಪು ಮುಸುಕಿನ ರಾಣಿಯರಿದ್ದಾರಷ್ಟೆ. ಅವರಲ್ಲಿ ಒಬ್ಬಳು ಮಾರ್ಗನ್. ಅಲ್ಲಿಯ ಒಬ್ಬ ರಾಣಿ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು, ತಮ್ಮಾ, ಇಷ್ಟು ತಡಮಾಡಿದೆಯೇಕೆ ಎಂಬರ್ಥದ ಮಾತಾಡಿ ಮರುಗುತ್ತಾಳೆ. ಜೀವಮಾನವೆಲ್ಲ ಕೊಲ್ಲಲು ಹವಣಿಸಿದವಳು ಕೊನೆಗೆ ಕಾಯುವವಳಾದದ್ದು ಹೇಗೆ? ಮ್ಯಾಲರಿ ವಿವರಿಸುವುದಿಲ್ಲ. ವಿವರಿಸಬೇಕೆಂದು ಅವನಿಗೆ ತೋರಿದಂತೆಯೂ ಇಲ್ಲ. ಆಧುನಿಕ ಕಾದಂಬರಿ ಹುಟ್ಟಿಕೊಂಡದ್ದು ಈ ಬಿರುಕಿನಲ್ಲಿ.

ಅಮೆರಿಕದ ಮೇರಿಯನ್ ಝಿಮ್ಮರ್ ಬ್ರ್ಯಾಡ್ಲಿ 1983ರಲ್ಲಿ ಪ್ರಕಟಿಸಿದ ‘ದಿ ಮಿಸ್ಟ್ಸ್ ಆಫ್ ಆವಲಾನ್’, ಎಂದರೆ ‘ಆವಲಾನಿನ ಮಂಜು’, ಈ ಪರಂಪರೆಯ ಅತಿ ಪ್ರಸಿದ್ಧ ಕೃತಿ. ಎಂಟುನೂರಕ್ಕೂ ಹೆಚ್ಚು ಪುಟಗಳ ಗ್ರಂಥವಾದರೂ ಅಪಾರ ಸಂಖ್ಯೆಯ ಓದುಗರನ್ನು ಪಡೆಯಿತು; 2001ರಲ್ಲಿ ದೂರದರ್ಶನದ ಚಿತ್ರವಾಗಿಯೂ ಬಂತು. ಇದರಲ್ಲಿ ಯುದ್ಧಗಳೆಲ್ಲ ದೂರದಲ್ಲಿ ನಡೆಯುತ್ತವೆ. ಗೆದ್ದ ಸುದ್ದಿ, ಸತ್ತ ಸುದ್ದಿ ಬಾಗಿಲಿಗೆ ಬಂದು ಮುಟ್ಟುತ್ತದೆ. ನೂಲುವ, ನೇಯುವ, ಬಸುರಾಗುವ, ಹೆರುವ, ರೋಗಿಗಳನ್ನು ನೋಡಿಕೊಳ್ಳುವ ಹೆಂಗಸರ ನಡುವೆ ನಾವು ಕುಳಿತಿರುತ್ತೇವೆ. ವೀರರ ಸಾಹಸಗಳನ್ನು ಮ್ಯಾಲರಿಯಲ್ಲಿ ಓದಿ ದಣಿದವರಿಗೆ, ಮ್ಯಾಲರಿ ದಣಿಸುತ್ತಾನೆಂಬುದನ್ನು ಅವನ ಅಭಿಮಾನಿಗಳೂ ಒಪ್ಪುತ್ತಾರೆ, ಈ ಸ್ಥಳಪಲ್ಲಟವೇ ಒಂದು ಹೊಸ ಅನುಭವ. ಹೆಚ್ಚುಕಡಮೆ ಅದೇ ಕಾಲದಲ್ಲಿ, 1979ರಲ್ಲಿ, ಪ್ರಕಟವಾದ ಭೈರಪ್ಪನವರ ‘ಪರ್ವ’ದಲ್ಲಿ ಕುಂತಿ, ದ್ರೌಪದಿಯರ ನೆನಪುಗಳ ಒಳಗಿನಿಂದ ಭಾರತಕಥೆಯನ್ನು ನೋಡಿದ ಕನ್ನಡ ಓದುಗರಿಗೆ ಈ ಕ್ರಮದ ಬಲ ಏನೆಂದು ಹೇಳಬೇಕಾಗಿಲ್ಲ.

ಬ್ರ್ಯಾಡ್ಲಿಯವರ ಕಲ್ಪನೆಯಲ್ಲಿ ಆವಲಾನ್ ಮಾತೃದೇವತೆಯ ಆರಾಧಕರ ಪೀಠ. ಗ್ಲಾಸ್ಟನ್‌ಬರಿಯೂ ಅದೂ ಒಂದೇ ಸ್ಥಳದಲ್ಲಿವೆ. ಆದರೆ ಕ್ರೈಸ್ತಮತ ಹಬ್ಬುತ್ತ ಬಂದಂತೆ ಆವಲಾನ್ ಮಂಜಿನ ಹಿಂದೆ ಸರಿಯುತ್ತ ಹೋಗುತ್ತದೆ. ಇಲ್ಲಿ ಮಾರ್ಗೇನ್ ಎಂದು ಕರೆಯಲ್ಪಡುವ ನಮ್ಮ ಮಾರ್ಗನ್ ಆ ಪೀಠದಲ್ಲಿ ದೀಕ್ಷೆ ಪಡೆದ ಪೂಜಾರಿಣಿ. ಪೀಠದ ಒಡತಿಯಾದ ವಿವಿಯನ್ ಅವಳನ್ನು ವಸಂತದ ಒಂದು ವಿಧಿಗೆ ಕಳುಹಿಸುತ್ತಾಳೆ. ಕತ್ತಲಲ್ಲಿ ಗುರುತಿಲ್ಲದೆ ಕೂಡಿದವರು ಬೆಳಗಾದಾಗ ಅಕ್ಕ ತಮ್ಮಂದಿರೆಂದು ತಿಳಿಯುತ್ತದೆ. ಮ್ಯಾಲರಿಯಲ್ಲಿ ಮಾರ್ಡ್ರೆಡನ ತಾಯಿ ಮಾರ್ಗನಳ ಸೋದರಿ ಮಾರ್ಗಾಸ್. ಬ್ರ್ಯಾಡ್ಲಿ ಆ ಭಾರವನ್ನು ಮಾರ್ಗೇನಳಿಗೇ ಹೊರಿಸಿದ್ದಾರೆ. ಈ ಬದಲಾವಣೆ ಕಾದಂಬರಿಯ ಬಹು ದೊಡ್ಡ ಸಾಧನೆಯೆಂದು ನನ್ನ ಎಣಿಕೆ. ಹಳೆಯ ಕಥೆಯಲ್ಲಿ ಕಾರಣವಿಲ್ಲದ ಹಗೆಯಾಗಿದ್ದುದು ಇಲ್ಲಿ ಕಾರಣವುಳ್ಳ ದುಃಖವಾಗುತ್ತದೆ. ಒರೆಯನ್ನು ಕೆರೆಗೆ ಎಸೆಯುವ ಕೃತ್ಯವೂ ಇಲ್ಲಿದೆ. ಆದರೆ ಆ ಒರೆಯನ್ನು ಮಂತ್ರ ಹಾಕಿ ಹೊಲಿದವಳೇ ಅವಳು. ತನ್ನ ಕೈಕೆಲಸವನ್ನು ತಾನೇ ನೀರಿಗೆ ಹಾಕುವುದಕ್ಕೂ ಕದ್ದದ್ದನ್ನು ಎಸೆಯುವುದಕ್ಕೂ ಎಷ್ಟು ವ್ಯತ್ಯಾಸ!

ಮಾರ್ಗೇನಳನ್ನು ಬಳಸಿಕೊಂಡವರು ಗಂಡಸರು ಮಾತ್ರವಲ್ಲ ಎಂಬುದನ್ನೂ ಗಮನಿಸಬೇಕು. ಧರ್ಮದ ಹೆಸರಿನಲ್ಲಿ ತಮ್ಮ ಮನೆಯ ಹೆಣ್ಣನ್ನು ದಾಳವಾಗಿ ನಡೆಸಿದವಳು ವಿವಿಯನ್, ಮಾರ್ಗೇನಳ ತಾಯಿಯ ಅಕ್ಕ. ಸ್ತ್ರೀಯರ ಪೀಠವಾದರೂ ಅದು ಪೀಠವೇ. ಈ ಮಾತನ್ನು ಬ್ರ್ಯಾಡ್ಲಿ ಮರೆಮಾಚುವುದಿಲ್ಲ.

ಆದರೆ ಇಗ್ರೇನಳ ವಿಷಯದಲ್ಲಿ ನನಗೆ ಬೇರೆ ಅಭಿಪ್ರಾಯವಿದೆ. ಕಾದಂಬರಿ ಆರಂಭವಾಗುವುದೇ ಆಕೆಯಿಂದ, ಟಿಂಟಾಜೆಲಿನ ಕಡಲಗಾಳಿಯಲ್ಲಿ. ಬಲು ಚೆನ್ನಾದ ಪುಟಗಳು. ಇಲ್ಲಿ ಊಥರ್ ಗಂಡನ ಮೇಲಂಗಿ ಹೊದೆದು ಬಂದಾಗ ಇಗ್ರೇನ್ ಅವನನ್ನು ಗುರುತಿಸುತ್ತಾಳೆ, ಗುರುತಿಸಿಯೇ ಒಪ್ಪಿಕೊಳ್ಳುತ್ತಾಳೆ. ಆಕೆಗೆ ಊಥರನಲ್ಲಿ ಆಗಲೇ ಪ್ರೀತಿ ಬೆಳೆದಿದೆ, ಗಂಡನ ಕ್ರೌರ್ಯದಿಂದ ನೊಂದಿದ್ದಾಳೆ. ಮೋಸಹೋದವಳು ತಾನೇ ಆರಿಸಿಕೊಂಡವಳಾಗುತ್ತಾಳೆ. ಇದರಿಂದ ಆಕೆಗೆ ವ್ಯಕ್ತಿತ್ವ ಬಂತು, ನಿಜ. ಈಗ ಮ್ಯಾಲರಿಯ ಮೊದಲ ಪುಟಗಳನ್ನು ತೆರೆಯಿರಿ. ಅಲ್ಲಿ ಊಥರನ ಮನಸ್ಸಿನಲ್ಲಿರುವುದನ್ನು ಮೊದಲು ಅರಿತವಳು ಇಗ್ರೇನಳೇ. ನನ್ನ ಮಾನ ಕಳೆಯಲೆಂದೇ ನಮ್ಮನ್ನು ಇಲ್ಲಿಗೆ ಕರೆಸಿದಂತೆ ಕಾಣುತ್ತದೆ, ರಾತ್ರೋರಾತ್ರಿ ಹೊರಟುಬಿಡೋಣ ಎಂದು ಗಂಡನಿಗೆ ಬುದ್ಧಿ ಹೇಳುವವಳು ಆಕೆ. ಅನಂತರ ಆ ರಾತ್ರಿಯ ಮೋಸ. ಬಂದವನು ಹೋದಮೇಲೆ ಸುದ್ದಿ ಬರುತ್ತದೆ: ಅವನು ಬರುವುದಕ್ಕೆ ಮುಂಚೆಯೇ ಆಕೆಯ ಗಂಡ ಯುದ್ಧದಲ್ಲಿ ಸತ್ತಿದ್ದ. ಹಾಗಾದರೆ ನನ್ನೊಡನೆ ಇದ್ದವನು ಯಾರು ಎಂದು ಆಕೆ ಬೆರಗಾಗುತ್ತಾಳೆ, ಒಳಗೇ ಮರುಗುತ್ತಾಳೆ, ಯಾರಿಗೂ ಏನನ್ನೂ ಹೇಳುವುದಿಲ್ಲ. ಮ್ಯಾಲರಿ ಇದಕ್ಕೆ ಕೊಟ್ಟಿರುವುದು ಒಂದೇ ಒಂದು ವಾಕ್ಯ. ಆದರೆ ಆ ವಾಕ್ಯವನ್ನು ಬರೆಯುವ ಅಗತ್ಯ ಅವನಿಗಿರಲಿಲ್ಲ. ಅದಿಲ್ಲದೆಯೂ ಆರ್ಥರ್ ಹುಟ್ಟುತ್ತಿದ್ದ, ಕಥೆ ಮುಂದೆ ಹೋಗುತ್ತಿತ್ತು. ಹೆಣ್ಣೊಬ್ಬಳು ಸುಮ್ಮನಾದಳೆಂಬುದನ್ನು ಆ ಸೆರೆಮನೆಯ ಯೋಧ ಗಮನಿಸಿ ದಾಖಲೆ ಮಾಡಿದ್ದಾನೆ.

ಬ್ರ್ಯಾಡ್ಲಿ ಆ ಮೌನಕ್ಕೆ ಮಾತು ಕೊಡಲಿಲ್ಲ. ಮೌನವೇ ಬೇಕಾಗದಂತೆ ಕಥೆಯನ್ನು ಬದಲಾಯಿಸಿದರು. ಆಗಿರುವ ಅನ್ಯಾಯವನ್ನು ಅವಳ ಕಣ್ಣಿನಿಂದ ತೋರಿಸುವುದು ಒಂದು ಮಾರ್ಗ, ಅನ್ಯಾಯ ಆಗಲೇ ಇಲ್ಲ, ಅವಳೇ ಬಯಸಿದಳು ಎನ್ನುವುದು ಇನ್ನೊಂದು. ಎರಡನೆಯದು ಸುಲಭದ ಮಾರ್ಗ. ಸ್ತ್ರೀದೃಷ್ಟಿಯ ಪುನಃಕಥನ ಎಂದೊಡನೆ ಪ್ರತಿಯೊಬ್ಬ ನಾಯಿಕೆಯೂ ಸಬಲೆಯಾಗಿರಲೇಬೇಕೆಂಬ ಒಂದು ಹಟ ಈ ಬಗೆಯ ಕಾದಂಬರಿಗಳಲ್ಲಿ ಆಗಾಗ ಕಾಣುತ್ತದೆ. ಆ ಹಟಕ್ಕೆ ಮೊದಲು ಬಲಿಯಾಗುವುದು ನೊಂದವಳ ನೋವು.

ಇನ್ನು ಗ್ವಿನಿವೇರ್. ವೇಲ್ಸ್ ಭಾಷೆಯ ಅವಳ ಹೆಸರು ಗ್ವೆನ್‌ಹ್ವಿವಾರ್. ಬ್ರ್ಯಾಡ್ಲಿ ಅದನ್ನೇ ಬಳಸಿದ್ದಾರೆ. ಮಠದಲ್ಲಿ ಬೆಳೆದ ಈ ಹುಡುಗಿಗೆ ಬಯಲೆಂದರೆ, ತೆರೆದ ಆಕಾಶವೆಂದರೆ ಭಯ. ಮದುವೆಗೆಂದು ಮುಚ್ಚಿದ ಪಲ್ಲಕ್ಕಿಯಲ್ಲಿ ಹೊರಟಾಗ, ತಂದೆ ಆರ್ಥರನಿಗೆ ಕಳುಹಿಸುತ್ತಿರುವುದು ಕುದುರೆಗಳನ್ನು, ತಾನು ಆ ಸರಕಿನ ಜೊತೆಗೆ ಸೇರಿದ ಒಂದು ವಸ್ತು ಎಂದು ಅವಳಿಗೆ ಹೊಳೆಯುತ್ತದೆ. ಈ ಭಾಗದಲ್ಲಿ ಬ್ರ್ಯಾಡ್ಲಿಯವರ ಬರವಣಿಗೆ ಅತ್ಯುತ್ತಮವಾಗಿದೆ. ಆದರೆ ಮುಂದೆ ಏನಾಗುತ್ತದೆ? ಮಕ್ಕಳಾಗದ ಕೊರಗು ಅವಳನ್ನು ಮತಾಂಧಳನ್ನಾಗಿ ಮಾಡುತ್ತದೆ. ಹಳೆಯ ಧ್ವಜವನ್ನು ಬಿಟ್ಟು ಶಿಲುಬೆಯ ಧ್ವಜ ಹಿಡಿಯುವಂತೆ ಆರ್ಥರನನ್ನು ಪೀಡಿಸಿ ಒಪ್ಪಿಸುವವಳು ಅವಳು. ಆವಲಾನಿನ ಅವನತಿಗೆ ಕಾರಣಳಾಗುವವಳು ಅವಳು. ಮಾರ್ಗೇನಳ ವಿದ್ಯೆ, ಧೈರ್ಯಗಳು ಎದ್ದು ಕಾಣಬೇಕಾದರೆ ಪಕ್ಕದಲ್ಲಿ ಒಬ್ಬ ಅಂಜುಬುರುಕಿ, ಅಸಹನೆಯ ಹೆಂಗಸು ಬೇಕಾಗಿತ್ತು. ಹಳೆಯ ಕಥೆಗಾರರು ಮಾರ್ಗನಳನ್ನು ಕೆಡಿಸಿ ರಾಣಿಯನ್ನು ಉಳಿಸಿಕೊಂಡಿದ್ದರೆ, ಹೊಸ ಕಥೆಗಾರ್ತಿ ರಾಣಿಯನ್ನು ಕುಗ್ಗಿಸಿ ಮಾರ್ಗನಳನ್ನು ಎತ್ತಿದರು. ತಕ್ಕಡಿಯ ತಟ್ಟೆಗಳು ಅದಲುಬದಲಾದುವು, ತಕ್ಕಡಿ ಅದೇ.

ಕಾದಂಬರಿಯ ಕೊನೆಯಲ್ಲಿ ಬ್ರ್ಯಾಡ್ಲಿಗೂ ಇದು ಅರಿವಾದಂತಿದೆ. ವೃದ್ಧೆಯಾದ ಮಾರ್ಗೇನ್ ಗ್ಲಾಸ್ಟನ್‌ಬರಿಯ ಸನ್ಯಾಸಿನಿಯರ ನಡುವೆ ನಿಂತು, ಅವರು ಪೂಜಿಸುವ ಸಂತಳಲ್ಲಿ ತನ್ನ ದೇವತೆಯನ್ನೇ ಕಾಣುತ್ತಾಳೆ. ಎರಡು ಧರ್ಮಗಳ ಜಗಳ ಅಲ್ಲಿಗೆ ತಣಿಯುತ್ತದೆ. ಗ್ವೆನ್‌ಹ್ವಿವಾರಳಿಗೆ ಆದ ಅನ್ಯಾಯ ಮಾತ್ರ ತಣಿಯುವುದಿಲ್ಲ. ಅಷ್ಟು ಹೊತ್ತಿಗೆ ಓದುಗ ಅವಳನ್ನು ಬಿಟ್ಟುಕೊಟ್ಟಾಗಿರುತ್ತದೆ. ಇದಲ್ಲದೆ, ಕಾದಂಬರಿಯಲ್ಲಿ ಬರುವ ಮಾತೃದೇವತೆಯ ಧರ್ಮ ಐದು ಆರನೆಯ ಶತಮಾನಗಳ ಬ್ರಿಟನ್ನಿನ ಇತಿಹಾಸವೆಂದು ಯಾರೂ ತಿಳಿಯಬಾರದು. ಅದರ ಬಹುಭಾಗ ಇಪ್ಪತ್ತನೆಯ ಶತಮಾನದ ನವ್ಯ ಪೇಗನ್ ಪಂಥಗಳ ಕಲ್ಪನೆ. ಕಾದಂಬರಿಗೆ ಅದು ದೋಷವಲ್ಲ, ಆದರೆ ಕಾದಂಬರಿಯನ್ನು ಓದಿ ಗ್ಲಾಸ್ಟನ್‌ಬರಿಗೆ ಯಾತ್ರೆ ಹೋಗುವವರಿಗೆ ಈ ಎಚ್ಚರ ಇರಬೇಕು.

ಗ್ವಿನಿವೇರಳ ಪರವಾಗಿ ಬರೆದವರೂ ಇದ್ದಾರೆ. ಮಧ್ಯಯುಗದ ಇತಿಹಾಸವನ್ನು ಅಭ್ಯಾಸಮಾಡಿದ ಶಾರನ್ ನ್ಯೂಮನ್ 1981ರಿಂದ ಮೂರು ಕಾದಂಬರಿಗಳನ್ನು ಬರೆದರು. ಪರ್ಷಿಯಾ ವುಲಿಯವರ ಮೂರು ಕಾದಂಬರಿಗಳು 1987ರಿಂದ 1991ರೊಳಗೆ ಬಂದುವು. ಅವರ ಗ್ವಿನಿವೇರ್ ಉತ್ತರದೇಶದ ರಾಜಪುತ್ರಿ, ಕುದುರೆ ಸವಾರಿ ಬಲ್ಲವಳು, ರಾಜ್ಯದ ಉಗ್ರಾಣ ನೋಡಿಕೊಳ್ಳಬಲ್ಲವಳು. ಒಳ್ಳೆಯ ಸಂಗಾತಿ, ಆದರೆ ಅವಳಿಗೆ ದುರಂತ ಒದಗುವುದೇಕೆ ಎಂದು ಅರ್ಥವಾಗದಷ್ಟು ವ್ಯವಹಾರಜ್ಞೆ. ನನಗೆ ಇವರಿಗಿಂತ ಮೆಚ್ಚಿಕೆಯಾದದ್ದು ಫೇ ಸ್ಯಾಂಪ್ಸನ್ ಎಂಬ ಇಂಗ್ಲಿಷ್ ಲೇಖಕಿಯ ಕ್ರಮ. 1989ರಿಂದ 1992ರೊಳಗೆ ಪ್ರಕಟವಾದ ಅವರ ಐದು ಪುಸ್ತಕಗಳಲ್ಲಿ ಮಾರ್ಗನಳ ಕಥೆಯನ್ನು ದಾದಿ, ಸನ್ಯಾಸಿನಿ, ಕಮ್ಮಾರ, ಕವಿ ಒಬ್ಬೊಬ್ಬರಾಗಿ ಹೇಳುತ್ತಾರೆ. ಕೊನೆಯ ಪುಸ್ತಕದಲ್ಲಿ ಮಾತ್ರ ಅವಳೇ ಬಾಯಿ ತೆರೆಯುತ್ತಾಳೆ. ತನ್ನನ್ನು ಕುರಿತು ಶತಮಾನಗಳಿಂದ ಬರೆದವರನ್ನೆಲ್ಲ ಸಾಲಾಗಿ ನಿಲ್ಲಿಸಿ ವಿಚಾರಿಸುತ್ತಾಳೆ. ಹೆಂಗಸಿನ ನಿಜವಾದ ಕಥೆ ಇದು ಎಂದು ಹೇಳಿಬಿಡುವ ಬದಲು, ಅವಳ ಕಥೆ ಎಷ್ಟು ಮಂದಿಯ ಬಾಯಲ್ಲಿ ಏನೇನಾಯಿತೆಂದು ತೋರಿಸುವುದು ಹೆಚ್ಚು ಪ್ರಾಮಾಣಿಕವಾದದ್ದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸ್ತ್ರೀದೃಷ್ಟಿ ಬರಬೇಕಾದರೆ ಬರೆಯುವವರು ಸ್ತ್ರೀಯೇ ಆಗಿರಬೇಕೆ? ಆರ್ಥರನ ಕಥೆಯನ್ನು ಬರೆದ ಮೊದಲ ಪ್ರಸಿದ್ಧ ಲೇಖಕಿ ಬ್ರ್ಯಾಡ್ಲಿಯಲ್ಲ. ಹನ್ನೆರಡನೆಯ ಶತಮಾನದ ಮಾರಿ ದ ಫ್ರಾನ್ಸ್. ಅವಳ ‘ಲಾನ್ವಾಲ್’ ಎಂಬ ಕಥನಕವನದಲ್ಲಿ ಆರ್ಥರನ ರಾಣಿ ಒಬ್ಬ ವೀರನನ್ನು ಬಯಸಿ, ಅವನು ಒಲ್ಲೆನೆಂದಾಗ ಅವನ ಮೇಲೆ ಸುಳ್ಳು ಆರೋಪ ಹೊರಿಸುತ್ತಾಳೆ. ರಾಣಿಗೆ ಒಂದು ಎಳ್ಳಿನಷ್ಟು ಕನಿಕರವನ್ನೂ ಮಾರಿ ತೋರಿಸಿಲ್ಲ. ರಾಣಿಗೂ ಲಾನ್ಸೆಲಾಟನಿಗೂ ಪ್ರೇಮವನ್ನು ಗಂಟುಹಾಕಿದ ಮೊದಲ ಕಾವ್ಯ ಕ್ರೆತ್ಯಾಂನದು. ಅದರ ವಸ್ತುವನ್ನೂ ಭಾವವನ್ನೂ ತನಗೆ ಕೊಟ್ಟವಳು ಶಾಂಪೇನಿನ ರಾಣಿವಾಸದ ಮಾರಿ ಎಂದು ಕವಿಯೇ ಪೀಠಿಕೆಯಲ್ಲಿ ಹೇಳಿಕೊಂಡಿದ್ದಾನೆ. ಆ ಕಾವ್ಯವನ್ನು ಅವನು ತಾನೇ ಮುಗಿಸಲೂ ಇಲ್ಲ, ಇನ್ನೊಬ್ಬನಿಗೆ ಬಿಟ್ಟ. ಇತ್ತ 1858ರಲ್ಲಿ, ಇಪ್ಪತ್ತನಾಲ್ಕರ ಹರೆಯದ ವಿಲಿಯಂ ಮಾರಿಸ್ ತನ್ನ ಕವನವೊಂದರಲ್ಲಿ ಗ್ವಿನಿವೇರಳನ್ನು ಆರೋಪ ಹೊರಿಸಿದವರ ಎದುರಿಗೆ ನಿಲ್ಲಿಸಿ, ಅವಳ ವಕಾಲತ್ತನ್ನು ಅವಳಿಂದಲೇ ಮಾಡಿಸಿದ. ಮರುವರ್ಷವೇ ಟೆನಿಸನ್ ಅದೇ ರಾಣಿಯನ್ನು ಗಂಡನ ಕಾಲಬಳಿ ನೆಲಕ್ಕೆ ಒರಗಿಸಿ, ಆರ್ಥರನಿಂದ ಉದ್ದುದ್ದವಾಗಿ ಉಪದೇಶ ಮಾಡಿಸಿ ಕ್ಷಮಾದಾನ ಕೊಡಿಸಿದ. ಆಕೆ ಅದನ್ನು ಬೇಡಿದ್ದಳೋ ಇಲ್ಲವೋ ಎಂಬುದು ಬೇರೆ ಮಾತು.

ನಮ್ಮಲ್ಲಿಯೂ ಇದಕ್ಕೊಂದು ಸಾಮ್ಯವಿದೆ. ಫ್ರೆಂಚರ ಆ ಗದ್ಯಕಥಾಚಕ್ರ ಸಿದ್ಧವಾಗುವುದಕ್ಕೆ ಸ್ವಲ್ಪವೇ ಮುಂಚೆ, 1209ರಲ್ಲಿ, ಜನ್ನ ‘ಯಶೋಧರ ಚರಿತೆ’ಯನ್ನು ಬರೆದ. ಮಾವುತನ ಹಾಡಿಗೆ ಮನಸೋತ ಅಮೃತಮತಿಯ ಮೇಲೆ ಕಾವ್ಯಧರ್ಮದ ತೀರ್ಪು ಕಠಿಣವಾಗಿಯೇ ಇದೆ. ಆದರೆ ಅವಳು ಮನಸೋತ ಆ ರಾತ್ರಿಯನ್ನು ಅವನು ಒಳಹೊಕ್ಕು ಕಂಡಿದ್ದಾನೆ. ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ ನಾಟಕದಲ್ಲಿ ಹೊಕ್ಕಿದ್ದು ಜನ್ನ ತೆರೆದಿಟ್ಟ ಆ ಬಾಗಿಲಿನಿಂದಲೇ. ಅವರ ರಾಣಿ ನಾಚಿ ತಲೆತಗ್ಗಿಸುವುದಿಲ್ಲ. ಹಾಗೆಂದು ರಾಜನನ್ನೋ ಅವನ ತಾಯಿಯನ್ನೋ ಅವರು ರಾಕ್ಷಸರನ್ನಾಗಿ ಮಾಡಿಲ್ಲ. ಒಬ್ಬರನ್ನು ಎತ್ತಲು ಇನ್ನೊಬ್ಬರನ್ನು ತುಳಿದಿಲ್ಲ. ಆವಲಾನಿನ ಕಾದಂಬರಿಯಲ್ಲಿ ನನಗೆ ಕೊರತೆಯಾಗಿ ಕಂಡದ್ದು ಈ ಸಮದೃಷ್ಟಿ.

ಕಥೆ ಹೇಳಿದವರ ಬಾಳಿನ ಮಾತನ್ನು ಬಿಟ್ಟುಬಿಡಬಹುದಾಗಿತ್ತು, ಆದರೆ ಈ ವಿಷಯದಲ್ಲಿ ಬಿಡುವುದು ನ್ಯಾಯವಲ್ಲವೆಂದು ತೋರುತ್ತದೆ. ಬಹುಮಂದಿ ವಿದ್ವಾಂಸರು ಗ್ರಂಥಕರ್ತನೆಂದು ಒಪ್ಪುವ, ವಾರಿಕ್‌ಷೈರಿನ ಸರ್ ಥಾಮಸ್ ಮ್ಯಾಲರಿಯ ಮೇಲೆ ಕಳವು, ದರೋಡೆಗಳ ಆರೋಪಗಳೊಡನೆ, 1450ರಲ್ಲಿ ಜೋನ್ ಸ್ಮಿತ್ ಎಂಬ ವಿವಾಹಿತೆಯ ಮೇಲೆ ಎರಡು ಸಲ ಅತ್ಯಾಚಾರ ನಡೆಸಿದನೆಂಬ ಆರೋಪವೂ ಇತ್ತು. ಆ ಕಾಲದ ನ್ಯಾಯಾಲಯದ ಲ್ಯಾಟಿನಿನಲ್ಲಿ ಬಲಾತ್ಕಾರಕ್ಕೂ ಅಪಹರಣಕ್ಕೂ ಒಂದೇ ಪದ ಬಳಕೆಯಲ್ಲಿದ್ದುದರಿಂದ ಏನು ನಡೆಯಿತೆಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಅವನ ವಿಚಾರಣೆ ನಡೆದು ತೀರ್ಪಾಗಲೇ ಇಲ್ಲ. ದೂರು ಕೊಟ್ಟವನು ಆಕೆಯ ಗಂಡ. ಆಕೆ ಏನು ಹೇಳಿದಳೆಂಬುದು ದಾಖಲೆಯಲ್ಲಿಲ್ಲ. ಇಗ್ರೇನಳ ಮೌನವನ್ನು ಗುರುತಿಸಿದ ವಾಕ್ಯ ಬಂದದ್ದು ಈ ಮನುಷ್ಯನ ಲೇಖನಿಯಿಂದ.

ಬ್ರ್ಯಾಡ್ಲಿ 1999ರಲ್ಲಿ ತೀರಿಕೊಂಡರು. 2014ರಲ್ಲಿ ಅವರ ಮಗಳು, ತಾನು ಬಾಲ್ಯದಲ್ಲಿ ತಾಯಿಯಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದೆನೆಂದು ಬಹಿರಂಗವಾಗಿ ಹೇಳಿದರು. ಆ ಕಾದಂಬರಿಯನ್ನು ಓದಿ ತಮಗೇ ಮಾತು ಬಂದಂತೆ ಭಾವಿಸಿದ್ದ ಸಾವಿರಾರು ಓದುಗರಿಗೆ ಅದು ದೊಡ್ಡ ಆಘಾತವಾಯಿತು. ಕೆಲವರು ಪುಸ್ತಕವನ್ನು ಮನೆಯಿಂದ ಹೊರಗೆ ಹಾಕಿದರು. ಲೇಖಕಿ ಬೇರೆ, ಕೃತಿ ಬೇರೆ ಎಂದು ಸಮಾಧಾನ ಹೇಳುವವರಿದ್ದಾರೆ. ನಾನು ಹಾಗೆ ಸುಲಭವಾಗಿ ಹೇಳಲಾರೆ. ಕೃತಿಯನ್ನು ಈಗ ಓದುವಾಗ, ಹಿರಿಯ ಹೆಂಗಸೊಬ್ಬಳು ಧರ್ಮದ ಹೆಸರಿನಲ್ಲಿ ಎಳೆಯಳೊಬ್ಬಳನ್ನು ಆ ವಸಂತದ ರಾತ್ರಿಗೆ ಕಳುಹಿಸುವ ಪುಟಗಳು ಮೊದಲು ಓದಿದಂತೆ ಓದಿಸಿಕೊಳ್ಳುವುದಿಲ್ಲ. ವಿವಿಯನಳನ್ನು ಕಾದಂಬರಿ ಕ್ಷಮಿಸುವ ಪರಿಯೇ ಬೇರೆಯಾಗಿ ಕಾಣತೊಡಗುತ್ತದೆ. ಆದರೂ ಪುಸ್ತಕವನ್ನು ಓದಬಾರದೆಂದು ನಾನು ಹೇಳುವುದಿಲ್ಲ. ಮ್ಯಾಲರಿಯನ್ನು ಓದುವವರು ಜೋನ್ ಸ್ಮಿತ್‌ಳನ್ನು ನೆನೆದು ಓದಬೇಕಾದಂತೆ, ಇದನ್ನು ಓದುವವರು ಆ ಮಗಳ ಮಾತನ್ನೂ ಕೇಳಿಸಿಕೊಂಡು ಓದಬೇಕು.

ಮಾರ್ಗನಳ ಮೇಲಿನ ಮೋಹ ಇನ್ನೂ ಇಳಿದಿಲ್ಲ. ನ್ಯಾನ್ಸಿ ಸ್ಪ್ರಿಂಗರ್ 2001ರಲ್ಲಿ ಎಳೆಯರಿಗಾಗಿ ಅವಳ ಕಥೆ ಬರೆದರು. ವೇಲ್ಸಿನ ಸೋಫಿ ಕೀಚ್ 2023ರಲ್ಲಿ ಅವಳನ್ನೇ ನಿರೂಪಕಿಯನ್ನಾಗಿ ಮಾಡಿ ಹೊಸದೊಂದು ಕಾದಂಬರಿಮಾಲೆಯನ್ನು ಆರಂಭಿಸಿದರು. ಆರ್ಥರನ ಕಥೆಯಲ್ಲಿ ಹೆಸರಿಲ್ಲದವರೂ ಬೇಕಾದಷ್ಟು ಮಂದಿ ಇದ್ದಾರೆ. ಚಾಸರನ ಬಾತ್ ಊರಿನ ಗೃಹಿಣಿ ಹೇಳುವ ಕಥೆ ಇದೇ ದೊರೆಯ ಆಸ್ಥಾನದ್ದು. ಅವನ ವೀರನೊಬ್ಬ ದಾರಿಯಲ್ಲಿ ಹೋಗುತ್ತಿದ್ದ ಹುಡುಗಿಯೊಬ್ಬಳನ್ನು ಕೆಡಿಸುತ್ತಾನೆ. ಅವನಿಗೆ ಮರಣದಂಡನೆಯಾಗುತ್ತದೆ, ರಾಣಿ ಅವನ ಪರವಾಗಿ ಬೇಡಿಕೊಳ್ಳುತ್ತಾಳೆ, ಹೆಂಗಸರಿಗೆ ಬೇಕಾದದ್ದೇನೆಂದು ತಿಳಿದುಬರಲು ಅವನಿಗೆ ಒಂದು ವರ್ಷದ ಅವಧಿ ಸಿಕ್ಕುತ್ತದೆ. ಉತ್ತರ ಹುಡುಕಿಕೊಂಡು ಅವನು ದೇಶವನ್ನೆಲ್ಲ ಸುತ್ತುತ್ತಾನೆ. ಆ ಹುಡುಗಿಯನ್ನು ಮಾತ್ರ ಅವನು ಕೇಳುವುದಿಲ್ಲ, ಕಥೆ ಹೇಳುವ ಗೃಹಿಣಿಯೂ ಮತ್ತೆ ಅವಳ ಸುದ್ದಿ ಎತ್ತುವುದಿಲ್ಲ.

ಈ ಕಾದಂಬರಿಗಳನ್ನು ಓದಬೇಕೆನ್ನುವವರಿಗೆ ನನ್ನದೊಂದು ಸಲಹೆ. ಮ್ಯಾಲರಿಯ ಮೊದಲ ಕೆಲವು ಪುಟಗಳನ್ನೂ ಕೊನೆಯ ಎರಡು ಭಾಗಗಳನ್ನೂ ಮುಂಚೆ ಓದಿಕೊಳ್ಳಿ. ಇಂಗ್ಲಿಷ್ ಹಳೆಯದಾದರೂ ಈಗಿನ ಕಾಗುಣಿತದಲ್ಲಿ ಅಚ್ಚಾದ ಆವೃತ್ತಿಗಳು ದೊರೆಯುತ್ತವೆ, ತೊಡಕಾಗದು. ಆಮೇಲೆ ಬ್ರ್ಯಾಡ್ಲಿಯವರ ಕಾದಂಬರಿಯಲ್ಲಿ ಇಗ್ರೇನಳ ಭಾಗ, ಗ್ವೆನ್‌ಹ್ವಿವಾರ್ ಪಲ್ಲಕ್ಕಿಯಲ್ಲಿ ಹೊರಟ ಭಾಗ ಇವೆರಡನ್ನಾದರೂ ನಿಧಾನವಾಗಿ ಓದಿ. ಬಿಡುವಿದ್ದವರು ಸ್ಯಾಂಪ್ಸನ್ನರ ಐದನೆಯ ಪುಸ್ತಕವನ್ನು ಹುಡುಕಿ ತರಿಸಿಕೊಳ್ಳಬಹುದು. ಅದು ಅಷ್ಟು ಸುಲಭವಾಗಿ ಸಿಕ್ಕುವ ಪುಸ್ತಕವಲ್ಲ.